ಓದುಗರು ಕೇಳಿದ್ದು: ಗ್ರೀಕರ ಛಲಗಾರರು

ಗ್ರೀಕ್ ಮಹಾಕಾವ್ಯ ಮತ್ತು ರುದ್ರನಾಟಕಗಳ ಬಗ್ಗೆ ಪ್ರಶ್ನೆ ಕಳಿಸಿರಿ ಎಂದು ಕಳೆದ ತಿಂಗಳು ಕೇಳಿದ್ದೆವು. ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳಿಂದ ಬಂದ ಪತ್ರಗಳಲ್ಲಿ ಏಳನ್ನು ಇಲ್ಲಿ ತೆಗೆದುಕೊಂಡಿದ್ದೇವೆ.

ಪ್ರಶ್ನೆ: ಇಲಿಯಡ್ ಕಥೆ ಓದಿದೆ. ತನ್ನ ಕಡೆಯವರು ಸಾಲಾಗಿ ಸಾಯುತ್ತಿದ್ದರೂ ಅಕಿಲೀಸ್ ಒಬ್ಬ ಹೆಣ್ಣಿನ ಸಲುವಾಗಿ ಮುನಿಸಿಕೊಂಡು ಡೇರೆಯಲ್ಲಿ ಕೂಡುತ್ತಾನೆ. ಅರಸ ಕಾಣಿಕೆ ಕೊಡುತ್ತೇನೆಂದರೂ ಬೇಡ ಎನ್ನುತ್ತಾನೆ. ಇಂಥವನು ನಾಯಕ ಹೇಗಾದಾನು?
— ನಿವೃತ್ತ ಶಿಕ್ಷಕರು, ಜಮಖಂಡಿ

ಉತ್ತರ: ಜಗಳ ಹುಟ್ಟಿದ್ದು ಎಲ್ಲಿ ಎಂದು ನೋಡಿದರೆ ಅಕಿಲೀಸ್ ಬೇರೆಯಾಗಿ ಕಾಣುತ್ತಾನೆ. ಅಪೊಲೊ ದೇವರ ಪೂಜಾರಿ ಸೆರೆಯಲ್ಲಿದ್ದ ಮಗಳನ್ನು ಬಿಡಿಸಿಕೊಳ್ಳಲು ಹೊನ್ನು ತಂದಾಗ, ಟ್ರಾಯ್ ಪಟ್ಟಣವನ್ನು ಮುತ್ತಿದ್ದ ಗ್ರೀಕರ ಅರಸ ಆಗಮೆಮ್ನಾನ್ ಅವನನ್ನು ಗದರಿಸಿ ಅಟ್ಟುತ್ತಾನೆ. ದೇವರು ಮುನಿದು ಪಾಳೆಯಕ್ಕೆ 9 ದಿನ ಬೇನೆ ಬಡಿಯುತ್ತದೆ. 10ನೆಯ ದಿನ ಸಭೆ ಕರೆಯುವವನು ಅರಸನಲ್ಲ, ಅಕಿಲೀಸ್. ಅಂದರೆ ಮಂದಿಯ ಸಾವು ನೋಡಲಾಗದೆ ಮೊದಲು ಎದ್ದವನೇ ಅವನು. ಪೂಜಾರಿಯ ಮಗಳನ್ನು ಒಪ್ಪಿಸಲೇಬೇಕಾದಾಗ ಆಗಮೆಮ್ನಾನ್ ಆ ನಷ್ಟ ತುಂಬಿಕೊಳ್ಳಲು ಅಕಿಲೀಸನ ಪಾಲಿನ ಬ್ರಿಸೇಯಿಸಳನ್ನು ಕಸಿದುಕೊಳ್ಳುತ್ತಾನೆ. ಅವಳು ಸೇನೆಯೆಲ್ಲ ಕೂಡಿ ಅವನ ಶೌರ್ಯಕ್ಕೆ ಕೊಟ್ಟ ಪಾಲು. ಗ್ರೀಕರು ಇದನ್ನು ‘ಗೆರಾಸ್’ ಎನ್ನುತ್ತಿದ್ದರು. ಊರ ಮುಂದೆ ಕೊಟ್ಟ ಮಾನವನ್ನು ಊರ ಮುಂದೆಯೇ ಕಿತ್ತುಕೊಂಡಂತೆ ಇದು. ಅಕಿಲೀಸ್ ಕತ್ತಿ ಹಿರಿಯುತ್ತಾನೆ. ಅಥೀನಾ ದೇವಿ ಹಿಂದಿನಿಂದ ಬಂದು ಅವನ ತಲೆಗೂದಲು ಹಿಡಿದೆಳೆದು ತಡೆಯುತ್ತಾಳೆ. (ಬ್ರಿಸೇಯಿಸಳ ಮಾತು ಕೇಳಬೇಕೆಂದರೆ 19ನೆಯ ಸರ್ಗದವರೆಗೆ ಕಾಯಬೇಕು. ತನ್ನ ಗಂಡನನ್ನು ಕೊಂದವನ ಪಾಳೆಯದಲ್ಲಿ ನಿಂತು, ತನಗೆ ಒಳ್ಳೆಯ ಮಾತಾಡಿದ್ದ, ಅಕಿಲೀಸನ ಗೆಳೆಯ ಪೆಟ್ರೋಕ್ಲಸನ ಹೆಣದ ಮೇಲೆ ಅವಳು ಅಳುತ್ತಾಳೆ. ಆ ಹದಿನಾಲ್ಕು ಸಾಲನ್ನು ತಪ್ಪದೆ ಓದಿರಿ.)

ಇನ್ನು ಕಾಣಿಕೆಯ ಮಾತು. 9ನೆಯ ಸರ್ಗದಲ್ಲಿ ಆಗಮೆಮ್ನಾನ್ ಪಟ್ಟಿ ಹೇಳುತ್ತಾನೆ: 7 ಮುಕ್ಕಾಲಿ ಪಾತ್ರೆ, 10 ತಲೆಂತು (ಗ್ರೀಕರ ತೂಕ) ಬಂಗಾರ, 20 ಕೊಪ್ಪರಿಗೆ, 12 ಓಟದ ಕುದುರೆ, ಲೆಸ್ಬಾಸ್ ದ್ವೀಪದ 7 ಹೆಂಗಸರು, ಜೊತೆಗೆ ಬ್ರಿಸೇಯಿಸ್. ಟ್ರಾಯ್ ಗೆದ್ದರೆ ಮಗಳನ್ನು ಕೊಟ್ಟು ಮದುವೆ, 7 ಊರು. ಕೊನೆಗೆ ಒಂದು ಮಾತು ಸೇರಿಸುತ್ತಾನೆ: ‘ಅವನು ಬಾಗಲಿ, ನಾನು ಅವನಿಗಿಂತ ದೊಡ್ಡ ಅರಸ.’ ರಾಯಭಾರಿಯಾಗಿ ಹೋದ ಒಡಿಸ್ಯೂಸ್ ಇಡೀ ಪಟ್ಟಿಯನ್ನು ಅಕ್ಷರಕ್ಕೆ ಅಕ್ಷರ ಒಪ್ಪಿಸಿ, ಈ ಕೊನೆಯ ಮಾತನ್ನಷ್ಟೇ ನುಂಗಿಬಿಡುತ್ತಾನೆ. ಅಕಿಲೀಸ್ ಕೊಡುವ ಉತ್ತರದ ಮೊದಲಲ್ಲೇ ‘ಮನಸ್ಸಿನಲ್ಲಿ ಒಂದಿಟ್ಟು ಬಾಯಲ್ಲಿ ಇನ್ನೊಂದು ಆಡುವವನು ನನಗೆ ಯಮನ ಬಾಗಿಲಿನಷ್ಟು ಹೇಸಿಗೆ’ ಎನ್ನುತ್ತಾನೆ. ಪಟ್ಟಿಯಲ್ಲಿ ಕ್ಷಮೆ ಇಲ್ಲ ಎಂಬುದು ಅವನಿಗೆ ಗೊತ್ತಾಗಿದೆ. ಅಷ್ಟು ದೊಡ್ಡ ದಾನ ತೆಗೆದುಕೊಂಡವನು ದಾನಿಯ ಕೈಕೆಳಗಿನವನೇ ಆಗುತ್ತಾನೆ.

ಆದರೂ ಅವನು ಕಲ್ಲಲ್ಲ. ಮೂವರಿಗೆ ಮೂರು ಬಗೆಯ ಉತ್ತರ ಕೊಡುತ್ತಾನೆ. ಒಡಿಸ್ಯೂಸನಿಗೆ ‘ನಾಳೆಯೇ ಹಡಗು ಹತ್ತುತ್ತೇನೆ’. ಎತ್ತಿ ಆಡಿಸಿದ ಮುದುಕ ಫೀನಿಕ್ಸನಿಗೆ ‘ಹೋಗುವುದೋ ಇರುವುದೋ ಬೆಳಗಾದ ಮೇಲೆ ನೋಡೋಣ’. ಸಿಪಾಯಿಯಂತೆ ನಾಲ್ಕೇ ಮಾತಾಡಿದ ಏಜಾಕ್ಸನಿಗೆ ‘ಟ್ರಾಯ್‌ನ ಹೆಕ್ಟರ್ ನನ್ನ ಹಡಗುಗಳ ತನಕ ಬಂದರೆ ಎದ್ದೇನು’. ಒಂದೇ ರಾತ್ರಿಯಲ್ಲಿ ಮೂರು ಮೆಟ್ಟಿಲು ಇಳಿದಿದ್ದಾನೆ. ದುರಂತ ಅಲ್ಲೇ ಇದೆ: ಇಳಿದನು, ಸಾಲುವಷ್ಟು ಇಳಿಯಲಿಲ್ಲ. ತಾನು ಏಳುವ ಬದಲು ತನ್ನ ಕವಚ ತೊಡಿಸಿ ಗೆಳೆಯ ಪೆಟ್ರೋಕ್ಲಸನನ್ನು ಕಳಿಸುತ್ತಾನೆ, ಅವನು ಹೆಕ್ಟರನ ಕೈಯಲ್ಲಿ ಹೆಣವಾಗುತ್ತಾನೆ. ಆ ಸೇಡಿಗೆ ಅಕಿಲೀಸ್ ಹೆಕ್ಟರನನ್ನು ಕೊಲ್ಲುತ್ತಾನೆ.

24ನೆಯ ಸರ್ಗವನ್ನು ಮಾತ್ರ ನಿಧಾನವಾಗಿ ಓದಿರಿ. ಹೆಕ್ಟರನ ತಂದೆ ಮುದಿ ಪ್ರಿಯಾಮ್ ರಾತ್ರಿ ಒಬ್ಬನೇ ಡೇರೆಗೆ ಬಂದು, ತನ್ನ ಮಕ್ಕಳನ್ನು ಕೊಂದ ಕೈಗಳಿಗೆ ಮುತ್ತಿಡುತ್ತಾನೆ. ಇಬ್ಬರೂ ಅಳುತ್ತಾರೆ, ಒಬ್ಬ ಮಗನಿಗಾಗಿ, ಇನ್ನೊಬ್ಬ ತಂದೆಗಾಗಿ ಮತ್ತು ಗೆಳೆಯನಿಗಾಗಿ. ಇಲ್ಲಿಗೆ ಅಕಿಲೀಸ್ ಸಾಧುವಾದ ಎಂದು ಎಷ್ಟೋ ಜನ ಬರೆಯುತ್ತಾರೆ, ಅದು ಸರಿಯಲ್ಲ. ಕೂಡ್ರಲೊಪ್ಪದೆ ಹೆಣ ಬೇಗ ಕೊಡು ಎಂದು ಪ್ರಿಯಾಮ್ ಅವಸರಿಸಿದ ಕೂಡಲೇ ಅಕಿಲೀಸನ ಕಣ್ಣು ಕೆಂಪಾಗುತ್ತವೆ. ‘ನನ್ನನ್ನು ಕೆಣಕಬೇಡ’ ಎನ್ನುತ್ತಾನೆ. ಹೆಣವನ್ನು ಮುದುಕನ ಕಣ್ಣಿಗೆ ಬೀಳದಂತೆ ಆಚೆ ತೊಳೆಸುತ್ತಾನೆ. ಮಗನನ್ನು ಕಂಡು ಅವನು ಸಿಟ್ಟಿಗೆದ್ದರೆ ತಾನೇ ಎಲ್ಲಿ ಅವನನ್ನು ಕೊಂದುಬಿಟ್ಟೇನೋ ಎಂಬ ಅಂಜಿಕೆಯಿಂದ. ತೊಳೆದ ಮೇಲೆ ತಾನೇ ಎತ್ತಿ ಮಂಚದ ಮೇಲೆ ಮಲಗಿಸುತ್ತಾನೆ. ಕೋಪ ಎಲ್ಲೂ ಹೋಗಿಲ್ಲ. ಅದು ಎಲ್ಲಿದೆ ಎಂದು ಈಗ ಅವನಿಗೆ ತಿಳಿದಿದೆ, ಅದರ ಮತ್ತು ಮುದುಕನ ನಡುವೆ ತಾನೇ ಅಡ್ಡ ನಿಲ್ಲುತ್ತಾನೆ. ನಾಯಕ ಎನ್ನಲು ನಮಗೆ ಇಷ್ಟು ಸಾಕು.

ಪ್ರಶ್ನೆ: ನಾನು ಓದಿದ ಇಲಿಯಡ್ ಅನುವಾದದಲ್ಲಿ ಕಟ್ಟಿಗೆಯ ಕುದುರೆಯೂ ಇಲ್ಲ, ಅಕಿಲೀಸನ ಹಿಮ್ಮಡಿಯ ಕಥೆಯೂ ಇಲ್ಲ. ಪುಸ್ತಕದಲ್ಲಿ ಬಿಟ್ಟಿದ್ದಾರೆಯೇ?
— ವಿದ್ಯಾರ್ಥಿ, ಇಂಡಿ

ಉತ್ತರ: ಬಿಟ್ಟಿಲ್ಲ. 24 ಸರ್ಗಗಳ ಇಲಿಯಡ್ ಹೇಳುವುದು 10 ವರ್ಷದ ಯುದ್ಧದ ಕೊನೆಯ ವರ್ಷದ ಸುಮಾರು 50 ದಿನಗಳ ಸಂಗತಿ. ಹೆಕ್ಟರನ ಶವಸಂಸ್ಕಾರಕ್ಕೆ ಕಾವ್ಯ ಮುಗಿಯುತ್ತದೆ. ಕುದುರೆಯ ಪ್ರಸ್ತಾಪ ಇಲಿಯಡ್ ಕವಿ ಹೋಮರನದೇ ಇನ್ನೊಂದು ಕಾವ್ಯ ಒಡಿಸ್ಸಿಯಲ್ಲಿ ಬರುತ್ತದೆ. ವಿಸ್ತಾರವಾಗಿ ಬೇಕೆಂದರೆ ರೋಮಿನ ಕವಿ ವರ್ಜಿಲನ ಈನಿಡ್‌ನ 2ನೆಯ ಸರ್ಗ ನೋಡಿರಿ. ಹಿಮ್ಮಡಿ ಬಿಟ್ಟು ಉಳಿದ ಮೈಗೆ ಗಾಯವಾಗದು ಎಂಬುದು ಹೋಮರನಲ್ಲಿ ಇಲ್ಲವೇ ಇಲ್ಲ. 21ನೆಯ ಸರ್ಗದಲ್ಲಿ ಈಟಿ ತಾಗಿ ಅಕಿಲೀಸನ ಬಲಗೈಯಿಂದ ರಕ್ತ ಹರಿಯುತ್ತದೆ. ಇದು ಸಣ್ಣ ಸಂಗತಿಯಲ್ಲ. ಮನೆಗೆ ಹೋದರೆ ದೀರ್ಘಾಯುಷ್ಯ, ಇಲ್ಲಿ ಉಳಿದರೆ ಬೇಗ ಸಾವು ಮತ್ತು ಅಳಿಯದ ಕೀರ್ತಿ ಎಂದು ಅವನಿಗೆ ಗೊತ್ತು. ಗಾಯವೇ ಆಗದ ಮೈಯವನಿಗೆ ಆ ಆಯ್ಕೆ ಎಲ್ಲಿಯದು?

ಪ್ರಶ್ನೆ: ‘ಹಮಾರ್ಷಿಯಾ’ ಎಂದರೆ ದುರಂತ ನಾಯಕನ ಸ್ವಭಾವದಲ್ಲಿರುವ ದೋಷ ಎಂದು ನಮ್ಮ ನೋಟ್ಸ್‌ನಲ್ಲಿದೆ. ಈಡಿಪಸನಿಗೆ ಗರ್ವ, ಕ್ರಿಯಾನನಿಗೆ ಹಟ, ಹೀಗೆ ಪಟ್ಟಿ ಕೊಟ್ಟಿದ್ದಾರೆ. ಹೀಗೇ ಬರೆಯಬಹುದೆ?
— ಬಿ.ಎ. ವಿದ್ಯಾರ್ಥಿನಿ, ವಿಜಯಪುರ

ಉತ್ತರ: ಬರೆದರೆ ಅಂಕ ಬಂದೀತು, ನಾಟಕ ಮಾತ್ರ ಕೈ ಬಿಟ್ಟುಹೋಗುತ್ತದೆ. ಆ ಪದದ ಮೂಲ ಕ್ರಿಯೆಗೆ ‘ಗುರಿ ತಪ್ಪು’ ಎಂದು ಅರ್ಥ. ಹೋಮರನಲ್ಲಿ ಎಸೆದ ಈಟಿ ತಾಗದೆ ಹೋದರೂ ಇದೇ ಪದ. ಅರಿಸ್ಟಾಟಲ್ ಕಾವ್ಯಮೀಮಾಂಸೆಯ 13ನೆಯ ಅಧ್ಯಾಯದಲ್ಲಿ ಹೇಳುವುದು ಇಷ್ಟು: ತೀರ ಸಜ್ಜನನೂ ಅಲ್ಲದ, ನೀಚನೂ ಅಲ್ಲದ ಒಬ್ಬನು ದುಷ್ಟತನದಿಂದಲ್ಲ, ಯಾವುದೋ ತಪ್ಪಿನಿಂದ ಕೆಳಗೆ ಬೀಳಬೇಕು. ಆ ತಪ್ಪು ತಿಳಿಯದೆ ಆದದ್ದೂ ಇರಬಹುದು. ಎದುರು ನಿಂತವನು ತಂದೆ ಎಂದು ಅರಿಯದೆ ಈಡಿಪಸ್ ಹೊಡೆದದ್ದು ಗರ್ವವಲ್ಲ.

ಸ್ವಭಾವದ ಬಗ್ಗೆ ಅವನ ಮಾತು 6ನೆಯ ಅಧ್ಯಾಯದಲ್ಲಿದೆ, ಅದನ್ನು ಬಾಯಿಪಾಠ ಮಾಡಿರಿ: ಮನುಷ್ಯ ಏನನ್ನು ಆರಿಸುತ್ತಾನೆ, ಏನನ್ನು ಬಿಡುತ್ತಾನೆ ಎಂಬುದನ್ನು ತೋರಿಸುವುದೇ ಪಾತ್ರ. ಆಯ್ಕೆಯೇ ಇಲ್ಲದ ಮಾತಿನಲ್ಲಿ ಪಾತ್ರವೂ ಇಲ್ಲ. ಹಾಗಾಗಿ ಉತ್ತರ ಬರೆಯುವಾಗ ‘ಇವನಲ್ಲಿ ಯಾವ ದೋಷ’ ಎಂದು ಹುಡುಕುವ ಬದಲು ಮೂರು ಸಂಗತಿ ಹುಡುಕಿರಿ. ಅವನು ತೀರ್ಮಾನ ತೆಗೆದುಕೊಂಡ ಸಾಲು ಯಾವುದು; ಆಗ ಅವನಿಗೆ ಗೊತ್ತಿದ್ದದ್ದು ಎಷ್ಟು; ಹಿಂದೆ ಸರಿಯಲು ಅವಕಾಶ ಕೊಟ್ಟವರು ಯಾರು. ‘ಹ್ಯೂಬ್ರಿಸ್’ ಎಂಬುದನ್ನೂ ಗರ್ವ ಎಂದು ಅನುವಾದಿಸಬೇಡಿ. ಇನ್ನೊಬ್ಬರ ಮಾನ ಕಳೆದು ಅದರಲ್ಲೇ ಸುಖಪಡುವ ಕೃತ್ಯಕ್ಕೆ ಅಥೆನ್ಸಿನಲ್ಲಿ ಆ ಹೆಸರು. ಅದರ ಮೇಲೆ ದಾವೆ ಹೂಡಲು ಬರುತ್ತಿತ್ತು. ಮನಸ್ಸಿನೊಳಗಿನ ಗರ್ವದ ಮೇಲೆ ಯಾರೂ ದಾವೆ ಹೂಡಲಾರರು.

ಇನ್ನೊಂದು: ಕಾಲ, ಸ್ಥಳ, ಕ್ರಿಯೆ ಎಂಬ ಮೂರು ಐಕ್ಯಗಳನ್ನು ಅರಿಸ್ಟಾಟಲನ ಹೆಸರಿಗೆ ಕಟ್ಟಬೇಡಿ. ಕ್ರಿಯೆಯ ಐಕ್ಯ ಅವನದೇ. ಕಾಲದ ಬಗ್ಗೆ, ರುದ್ರನಾಟಕ ಸಾಮಾನ್ಯವಾಗಿ ಒಂದು ದಿನದಲ್ಲಿ ಮುಗಿಯಲು ನೋಡುತ್ತದೆ ಎಂದಷ್ಟೇ ಅಂದಿದ್ದಾನೆ. ಸ್ಥಳದ ನಿಯಮವನ್ನು ಹೇಳಿಯೇ ಇಲ್ಲ.

ಪ್ರಶ್ನೆ: ಹುಟ್ಟುವ ಮೊದಲೇ ದೈವವಾಣಿ ಆಗಿತ್ತು ಅಂದಮೇಲೆ ಈಡಿಪಸ್ ಏನು ಮಾಡಿದರೂ ಅಷ್ಟೇ ಅಲ್ಲವೆ? ಹಣೆಬರಹದ ಮುಂದೆ ಸಂಘರ್ಷ ಎಲ್ಲಿಂದ ಬಂತು?
— ಗೃಹಿಣಿ, ಬಾಗಲಕೋಟೆ

ಉತ್ತರ: ದೈವವಾಣಿ ಹೇಳಿದ್ದು ಎರಡು: ತಂದೆಯನ್ನು ಕೊಲ್ಲುವೆ, ತಾಯಿಯನ್ನು ಕೂಡುವೆ. ನಾಟಕ ಆರಂಭವಾಗುವ ಹೊತ್ತಿಗೆ ಎರಡೂ ಆಗಿ ವರ್ಷಗಳೇ ಕಳೆದಿವೆ. ಅದನ್ನು ನೀನೇ ಹುಡುಕಿ ಹೊರಗೆಡಹುವೆ ಎಂದು ಯಾವ ದೈವವೂ ಹೇಳಿಲ್ಲ. ನಾಟಕಕಾರ ಸಾಫೊಕ್ಲಿಸ್ ರಂಗದ ಮೇಲೆ ತೋರಿಸುವುದು ಆ ಹುಡುಕಾಟವನ್ನು ಮಾತ್ರ, ಅದರ ಒಂದೊಂದು ಹೆಜ್ಜೆಯೂ ಈಡಿಪಸನದೇ. ಹಳೆಯ ಅರಸನ (ಅವನೇ ಈಡಿಪಸನ ತಂದೆ) ಕೊಲೆಗಾರನಿಗೆ ಶಾಪ ಹಾಕಿದವನು ಅವನು, ಸಾಕ್ಷಿ ಕರೆಸಿದವನು ಅವನು. ಕುರುಡ ಕಣಿಗಾರ ಟೈರೀಸಿಯಸ್ ‘ನನ್ನನ್ನು ಮನೆಗೆ ಕಳಿಸು’ ಎಂದು ಬೇಡುತ್ತಾನೆ. ಮುಂದೆ ರಾಣಿ ಯೊಕಾಸ್ಟಾ (ಅವನ ಹೆಂಡತಿ, ತಾಯಿಯೂ ಅವಳೇ), ಕೊನೆಗೆ ಮುದಿ ಕುರುಬ, ಇಬ್ಬರೂ ‘ಇನ್ನು ಕೇಳಬೇಡ’ ಎಂದು ಅಂಗಲಾಚುತ್ತಾರೆ. ಮೂರು ಸಲ ಬಾಗಿಲು ತೆರೆದಿತ್ತು, ಅವನು ಹೊರಗೆ ಹೋಗಲಿಲ್ಲ. ಊರಿನ ಬೇನೆ ಬಿಡಿಸಲು ಸತ್ಯ ಬೇಕಿತ್ತು. ಸ್ಫಿಂಕ್ಸ್ ಎಂಬ ರಾಕ್ಷಸಿಯ ಯಕ್ಷಪ್ರಶ್ನೆಯಂಥ ಒಗಟು ಬಿಡಿಸಿ ಅರಸನಾದವನು ಇನ್ನೊಂದು ಒಗಟನ್ನು ಅರ್ಧಕ್ಕೆ ಬಿಡುವುದು ಹೇಗೆ? ಅವನನ್ನು ಮೇಲೆತ್ತಿದ ಗುಣವೇ ಕೆಳಗೆ ತಳ್ಳಿತು.

ಒಂದು ಸೂಕ್ಷ್ಮ ನೋಡಿರಿ. ಹಳೆಯ ಅರಸನನ್ನು ‘ದರೋಡೆಕೋರರು’ ಕೊಂದರು ಎಂದು ಯೊಕಾಸ್ಟಾಳ ಸೋದರ ಕ್ರಿಯಾನ್ ಬಹುವಚನದಲ್ಲಿ ವರದಿ ಒಪ್ಪಿಸುತ್ತಾನೆ. ಮರುಸಾಲಿನಲ್ಲೇ ಈಡಿಪಸ್ ‘ಆ ದರೋಡೆಕೋರನಿಗೆ ಅಷ್ಟು ಧೈರ್ಯ ಹೇಗೆ ಬಂತು?’ ಎಂದು ಏಕವಚನದಲ್ಲಿ ಕೇಳುತ್ತಾನೆ. ಮುಂದೆ ಇಡೀ ಮೊಕದ್ದಮೆ ನಿಲ್ಲುವುದೇ ಒಬ್ಬನೋ ಹಲವರೋ ಎಂಬ ಪ್ರಶ್ನೆಯ ಮೇಲೆ. ಕಣ್ಣು ಕಿತ್ತುಕೊಂಡ ಮೇಲೆ ಅವನೇ ಲೆಕ್ಕ ಚುಕ್ತಾ ಮಾಡುತ್ತಾನೆ: ಈ ಸಂಕಟ ತಂದವನು ಅಪೊಲೊ, ಕಣ್ಣಿಗೆ ತಿವಿದ ಕೈ ಮಾತ್ರ ನನ್ನದು.

ಪ್ರಶ್ನೆ: ನಾವು ಗೀಗೀ ಪದಾ ಹಾಡಾವ್ರು. ಹರದೇಶಿ–ನಾಗೇಶಿ ವಾದ ರಾತ್ರಿ ಪೂರಾ ನಡಿತೈತಿ. ಗ್ರೀಕ್ ನಾಟಕದಾಗೂ ಗಂಡ-ಹೆಂಡ್ತಿ ನಡುವ ಇಂಥಾ ಸವಾಲ್–ಜವಾಬ್ ಐತಿ ಅಂತ ಕೇಳೀವಿ. ಹೆಂಗಿರತೈತಿ, ಬಿಡಿಸಿ ಹೇಳ್ರಿ.
— ಗೀಗೀ ಮೇಳದವರು, ಅಥಣಿ

ಉತ್ತರ: ಐತಿ, ಮತ್ತು ಅದರ ಕಟ್ಟು ನಿಮಗೆ ಬೇಗ ಹಿಡಿಯುತ್ತದೆ. ಅದರ ಹೆಸರು ‘ಅಗೋನ್’. ನಾಟಕಕಾರ ಯೂರಿಪಿಡಿಸನ ಮೆಡಿಯಾ (ಕ್ರಿ.ಪೂ. 431) ತೆಗೆದುಕೊಳ್ಳಿರಿ. ಮೊದಲು ಮೆಡಿಯಾ ಸುಮಾರು 55 ಸಾಲು ಒಂದೇ ಉಸಿರಿಗೆ ಹೇಳುತ್ತಾಳೆ: ನಿನ್ನ ಪ್ರಾಣ ಉಳಿಸಿದೆ, ಚಿನ್ನದ ತುಪ್ಪಟ ಕಾಯುತ್ತಿದ್ದ ಸರ್ಪವನ್ನು ಕೊಂದೆ, ತಂದೆಗೆ ದ್ರೋಹ ಮಾಡಿ ನಿನ್ನ ಬೆನ್ನು ಹತ್ತಿ ಬಂದೆ, ಮಕ್ಕಳಾದ ಮೇಲೂ ನೀನು ಬೇರೆ ಮದುವೆಯಾದೆ. ನಡುವೆ ಮೇಳದವರದು ಎರಡೇ ಸಾಲು. ಆಮೇಲೆ ಅವಳ ಗಂಡ ಜೇಸನ್ ಹೆಚ್ಚುಕಡಿಮೆ ಅಷ್ಟೇ ಸಾಲುಗಳಲ್ಲಿ ಜವಾಬು ಕೊಡುತ್ತಾನೆ: ನನ್ನನ್ನು ಉಳಿಸಿದ್ದು ನೀನಲ್ಲ, ನಿನ್ನೊಳಗೆ ಹೊಕ್ಕ ಪ್ರೇಮದೇವತೆ, ಅನಾಗರಿಕರ ನಾಡಿನಿಂದ ನಿನ್ನನ್ನು ಗ್ರೀಸಿಗೆ ತಂದು ಕಾಯ್ದೆ-ಕಾನೂನು ತೋರಿಸಿದೆ, ಈ ಮದುವೆ ಮಕ್ಕಳ ಹಿತಕ್ಕೇ. ಮೇಳದ ಹೆಂಗಸರು ಒಂದೇ ಮಾತಿನಲ್ಲಿ ತೀರ್ಪು ಕೊಡುತ್ತಾರೆ: ಮಾತು ಚೆಂದ ಜೋಡಿಸಿದಿ, ಹೆಂಡತಿಗೆ ಮೋಸ ಮಾಡಿದ್ದು ಮಾತ್ರ ಖರೆ. ಅಲ್ಲಿಂದ ಒಂದೊಂದೇ ಸಾಲಿನ ಚಕಮಕಿ.

ನಿಮ್ಮ ವಾದಕ್ಕೂ ಇದಕ್ಕೂ ಒಂದು ದೊಡ್ಡ ವ್ಯತ್ಯಾಸವಿದೆ. ನಿಮ್ಮಲ್ಲಿ ಕೊನೆಗೆ ಶಿವ-ಶಕ್ತಿ ಎರಡೂ ಒಂದೇ ಎಂದು ಹೊಂದಿಸಿ ಮಂಗಳ ಹಾಡಲು ಬರುತ್ತದೆ. ಅಗೋನ್‌ನಲ್ಲಿ ಯಾರೂ ಯಾರನ್ನೂ ಒಪ್ಪಿಸುವುದಿಲ್ಲ. ವಾದ ಮುಗಿದಾಗ ಇಬ್ಬರೂ ಮೊದಲಿಗಿಂತ ದೂರ ನಿಂತಿರುತ್ತಾರೆ. ಹೊರಗಿನ ವಾದ ಸೋತ ಮೇಲೆ ಅದು ಮೆಡಿಯಾಳ ಎದೆಯೊಳಗೆ ನಡೆಯುತ್ತದೆ: ಮಕ್ಕಳನ್ನು ಕೊಲ್ಲುತ್ತೇನೆ, ಇಲ್ಲ ಕೊಲ್ಲಲಾರೆ, ಕರೆದುಕೊಂಡು ಹೋಗುತ್ತೇನೆ, ಇಲ್ಲ ಕೊಲ್ಲಲೇಬೇಕು. ಮಾಡುವುದು ಕೇಡು ಎಂದು ಬಲ್ಲೆ, ಆದರೆ ನನ್ನ ವಿವೇಕಕ್ಕಿಂತ ರೋಷ ದೊಡ್ಡದು ಎಂದು ಅವಳೇ ಹೇಳುತ್ತಾಳೆ. ಯುದ್ಧದಲ್ಲಿ ಮೂರು ಸಲ ನಿಂತೇನು, ಒಂದು ಸಲ ಹೆರಲಾರೆ ಎಂದವಳೂ ಇವಳೇ. ಹೆಣ್ಣಿನ ಪರ ಹಿಡಿದು ನಾಗೇಶಿ ಹಾಡುವವರಿಗೆ ಈ ಮಾತು ಕೂಡಲೇ ತಾಗುತ್ತದೆ. ಆ ವರ್ಷದ ಸ್ಪರ್ಧೆಯಲ್ಲಿ ಮೂವರು ಕವಿಗಳ ಪೈಕಿ ಯೂರಿಪಿಡಿಸನಿಗೆ ಬಂದದ್ದು ಮೂರನೆಯ ಸ್ಥಾನ.

ಪ್ರಶ್ನೆ: ನಮ್ಮ ಊರಿನ ರನ್ನನ ದುರ್ಯೋಧನನನ್ನು ಗ್ರೀಕ್ ನಾಯಕರ ಸಾಲಿನಲ್ಲಿ ಇಡಬಹುದೆ?
— ಓದುಗರು, ಮುಧೋಳ

ಉತ್ತರ: ಧೈರ್ಯವಾಗಿ ಇಡಿರಿ. ಗದಾಯುದ್ಧದಲ್ಲಿ ರನ್ನ ನಾಯಕನನ್ನಾಗಿ ಮಾಡಿದ್ದು ಭೀಮನನ್ನು, ಆದರೆ ಎದೆಯಲ್ಲಿ ಉಳಿಯುವವನು ದುರ್ಯೋಧನ. ಸಂಜಯನೊಡನೆ ಹೆಣಗಳ ನಡುವೆ ನಡೆಯುತ್ತ, ಶತ್ರುವಿನ ಮಗ ಅಭಿಮನ್ಯುವಿನ ಮುಂದೆ ನಿಂತು, ಇಂಥ ಸಾವಿನ ಒಂದು ಪಾಲಾದರೂ ನಮಗಿರಲಿ ಎಂದು ಕೈ ಮುಗಿಯುತ್ತಾನೆ. ಭೀಷ್ಮ ಸಂಧಿಯ ಮಾತಾಡಿದಾಗ, ನಾನು ಹೋರಾಡುವುದು ನೆಲಕ್ಕಲ್ಲ, ಛಲಕ್ಕೆ. ಕರ್ಣನನ್ನು ಕೊಲ್ಲಿಸಿದ ಈ ನೆಲದೊಡನೆ ಮತ್ತೆ ಬಾಳುವೆನೆ ಎನ್ನುತ್ತಾನೆ. ಪೆಟ್ರೋಕ್ಲಸ್ ಸತ್ತ ಮೇಲಿನ ಅಕಿಲೀಸನೂ ಹೀಗೆಯೇ. ಕಾಣಿಕೆಗಳೆಲ್ಲ ಬಂದು ಮುಂದೆ ರಾಶಿ ಬಿದ್ದರೂ ಅವನಿಗೆ ಅವು ಬೇಕಿಲ್ಲ. ಒಂದು ವ್ಯತ್ಯಾಸ ಮರೆಯಬೇಡಿ: ದುರ್ಯೋಧನನ ಹಿಂದೆ ದ್ರೌಪದಿಯ ಮುಡಿ ಇದೆ, ಅದು ಗ್ರೀಕರು ಹ್ಯೂಬ್ರಿಸ್ ಎನ್ನುತ್ತಿದ್ದಂಥದೇ ಕೃತ್ಯ. ರನ್ನ ಅದನ್ನು ಮುಚ್ಚಿಡುವುದಿಲ್ಲ.

ಈ ಸಂಬಂಧವನ್ನು ಕಂಡು ಬಳಸಿದವರು ಬಿ.ಎಂ.ಶ್ರೀ. ಅವರ ಅಶ್ವತ್ಥಾಮನ್ (1929) ನಾಟಕದ ಮಾದರಿ ಸಾಫೊಕ್ಲಿಸನ ಏಜಾಕ್ಸ್. ಅಕಿಲೀಸನ ಆಯುಧಗಳು ತನಗೆ ಬರದೆ ಒಡಿಸ್ಯೂಸನ ಪಾಲಾದಾಗ ಏಜಾಕ್ಸ್ ರೋಷದಿಂದ ರಾತ್ರಿ ಹೊರಡುತ್ತಾನೆ. ಅಥೀನಾ ಅವನ ಬುದ್ಧಿ ಕೆಡಿಸುತ್ತಾಳೆ. ಸರದಾರರೆಂದು ತಿಳಿದು ದನಗಳನ್ನು ಕಡಿಯುತ್ತಾನೆ. ಬೆಳಗಾಗಿ ಎಚ್ಚರವಾದಾಗ ನಾಚಿಕೆ ತಾಳದೆ, ಹೆಕ್ಟರ್ ಕೊಟ್ಟಿದ್ದ ಕತ್ತಿಯನ್ನೇ ನೆಲಕ್ಕೆ ನೆಟ್ಟು ಅದರ ಮೇಲೆ ಬೀಳುತ್ತಾನೆ. ಕೊನೆಗೆ ಅವನ ಶವಕ್ಕೆ ಮಣ್ಣು ಸಿಗಬೇಕೆಂದು ವಾದಿಸುವವನು ಅವನ ಶತ್ರು ಒಡಿಸ್ಯೂಸ್. ಒಡಿಸ್ಸಿಯ 11ನೆಯ ಸರ್ಗದಲ್ಲಿ ಇಬ್ಬರೂ ಪಾತಾಳದಲ್ಲಿ ಎದುರಾಗುತ್ತಾರೆ. ಒಡಿಸ್ಯೂಸ್ ಎಷ್ಟು ಮಾತಾಡಿಸಿದರೂ ಏಜಾಕ್ಸ್ ಉತ್ತರ ಕೊಡದೆ ಹೊರಟುಹೋಗುತ್ತಾನೆ.

ಪ್ರಶ್ನೆ: ನಮ್ಮದು ಹವ್ಯಾಸಿ ತಂಡ, ಒಟ್ಟು 7 ಮಂದಿ. ಇಲ್ಲಿಯವರೆಗೆ ಸಾಮಾಜಿಕ ನಾಟಕಗಳನ್ನೇ ಆಡಿದ್ದೇವೆ. ಈ ಸಲ ಸಾಫೊಕ್ಲಿಸನ ಆಂಟಿಗೊನೆ ಆಡಬೇಕೆಂದಿದ್ದೇವೆ. ಜನ ಸಾಲುತ್ತಾರೆಯೆ? ಎಲ್ಲಿ ಎಚ್ಚರ ಬೇಕು?
— ಗೋಕಾಕ

ಉತ್ತರ: ಜನ ಧಾರಾಳವಾಗಿ ಸಾಲುತ್ತಾರೆ. ಸಾಫೊಕ್ಲಿಸನಿಗೆ ಇದ್ದದ್ದೇ 3 ನಟರು, ಎಲ್ಲರೂ ಗಂಡಸರು, ಮುಖವಾಡ ಹಾಕಿ ಪಾತ್ರ ಬದಲಿಸುತ್ತಿದ್ದರು. ಜೊತೆಗೆ 15 ಮಂದಿಯ ಮೇಳ. ನೀವು ಹೀಗೆ ಹಂಚಿಕೊಳ್ಳಿರಿ. ಒಬ್ಬರಿಗೆ ಅರಸ ಕ್ರಿಯಾನ್ ಮಾತ್ರ. ಎರಡನೆಯವರಿಗೆ ಆಂಟಿಗೊನೆ, ಟೈರೀಸಿಯಸ್, ರಾಣಿ ಯುರಿಡಿಸಿ. ಮೂರನೆಯವರಿಗೆ ತಂಗಿ ಇಸ್ಮೆನೆ, ಕಾವಲುಗಾರ, ಕ್ರಿಯಾನನ ಮಗ ಹೀಮನ್ (ಆಂಟಿಗೊನೆಯನ್ನು ಮದುವೆಯಾಗಬೇಕಾದವನು), ಸುದ್ದಿ ತರುವ ದೂತ. ಬಿಗಿಯಾದ ಬದಲಾವಣೆಗಳಲ್ಲಿ ಒಂದು: ಕಾವಲುಗಾರ ಒಳಗೆ ಹೋದ ಮೇಲೆ ಇಸ್ಮೆನೆ ಬರುವ ತನಕ ಸುಮಾರು 80 ಸಾಲು ಸಿಗುತ್ತವೆ. ಅಷ್ಟರಲ್ಲಿ ಆಗುವಂತೆ ಕಾವಲುಗಾರನ ಉಡುಪು ಒಂದು ಕಂಬಳಿಯಷ್ಟಿರಲಿ. ಉಳಿದ 4 ಮಂದಿ ಮೇಳ. ಅವರಲ್ಲಿ ಒಬ್ಬರು ಮಾತಾಡುವ ಹಿರಿಯ.

ಮೇಳದ ಬಗ್ಗೆ ಒಂದು ಮಾತು. ಶ್ರೀಕೃಷ್ಣ ಪಾರಿಜಾತದ ಭಾಗವತ-ಹಿಮ್ಮೇಳದ ರೂಢಿ ನಿಮ್ಮ ಕಡೆ ಎಲ್ಲರಿಗೂ ಇದೆ, ಹಾಡಿನ ಧಾಟಿಗೆ ಅದನ್ನು ಬಳಸಿಕೊಳ್ಳಿರಿ. ಆದರೆ ಪಾರಿಜಾತದ ಭಾಗವತ ಕಥೆ ನಡೆಸುವವನು, ಯಾರಿಗೂ ಅಂಜಬೇಕಾಗಿಲ್ಲ. ಇಲ್ಲಿನ ಮೇಳ ಥೀಬ್ಸ್ ಊರಿನ ಹಿರಿಯರು. ಕ್ರಿಯಾನನಿಗೆ ಅಂಜಿ ಮುಕ್ಕಾಲು ನಾಟಕ ಬಾಯಿ ಕಟ್ಟಿಕೊಂಡು ನಿಲ್ಲುತ್ತಾರೆ. ಆ ಅಂಜಿಕೆ ಕಾಣಬೇಕು.

ಇಂಥ ತಂಡಗಳು ಹೆಚ್ಚಾಗಿ ಎಡವುವುದು ಮೂರು ಕಡೆ. ಮೊದಲನೆಯದು, ಕ್ರಿಯಾನನನ್ನು ಬಂದಾಗಲೇ ಖಳನಾಯಕ ಮಾಡುವುದು. ಆಂಟಿಗೊನೆಯ ಅಣ್ಣ ಪಾಲಿನೈಸಿಸ್ ಪರರ ದಂಡು ಕಟ್ಟಿಕೊಂಡು ಹುಟ್ಟಿದ ಊರಿನ ಮೇಲೆ ಬಂದು ಸತ್ತವನು. ಅವನಿಗೆ ಮಣ್ಣು ಕೊಡಬಾರದೆಂದು ಕ್ರಿಯಾನನ ಆಜ್ಞೆ, ಅದನ್ನು ಮೀರಿದ ಆಂಟಿಗೊನೆಯನ್ನು ಅವನು ಗುಹೆಯಲ್ಲಿ ಮುಚ್ಚಿಸುತ್ತಾನೆ. ದೇಶದ್ರೋಹಿಗಳಿಗೆ ತಮ್ಮ ನೆಲದಲ್ಲಿ ಮಣ್ಣು ಕೊಡಬಾರದು ಎಂಬ ಕಾನೂನು ಅಥೆನ್ಸಿನಲ್ಲೂ ಇತ್ತು. ಹಾಗಾಗಿ ಮೊದಲ ಭಾಷಣಕ್ಕೆ ನಿಮ್ಮ ಪ್ರೇಕ್ಷಕರು ತಲೆದೂಗಬೇಕು. ಹೆಣವನ್ನು ಗಡಿಯಾಚೆ ಹಾಕದೆ ನಾಯಿ-ಹದ್ದುಗಳಿಗೆ ಬಿಟ್ಟದ್ದು ಅವನ ತಪ್ಪು, ಅದು ಮೆಲ್ಲಗೆ ತಿಳಿಯಬೇಕು.

ಎರಡನೆಯದು ಹೀಮನ್ ದೃಶ್ಯ. ಮಗ ಬಂದ ಕೂಡಲೇ ಅರಚಲು ಶುರು ಮಾಡಿದರೆ ದೃಶ್ಯ ಸತ್ತಂತೆ. ಅವನ ಮೊದಲ ಮಾತು ‘ಅಪ್ಪಾ, ನಾನು ನಿಮ್ಮವನು’. ಊರಲ್ಲಿ ಜನ ಗುಟ್ಟಾಗಿ ಆಡುತ್ತಿರುವುದನ್ನು ತಿಳಿಸುತ್ತಾನೆ. ಪ್ರವಾಹಕ್ಕೆ ಬಾಗಿದ ಗಿಡ ಕೊಂಬೆ ಉಳಿಸಿಕೊಳ್ಳುತ್ತದೆ, ಸೆಟೆದದ್ದು ಬೇರುಸಮೇತ ಹೋಗುತ್ತದೆ ಎನ್ನುತ್ತಾನೆ. ಇಲ್ಲಿಯವರೆಗೆ ದನಿ ಏರಿಸಬೇಡಿ. ‘ಊರು ಅರಸನದಲ್ಲವೆ?’ ‘ಬರಿದಾದ ನೆಲವನ್ನು ನೀವೊಬ್ಬರೇ ಚೆನ್ನಾಗಿ ಆಳಬಹುದು’ ಎಂಬ ಒಂದೊಂದು ಸಾಲಿನ ಕಡೆ ಬಂದಾಗ ದನಿ ತಾನಾಗಿಯೇ ಏರುತ್ತದೆ. ಆ ಸಾಲುಗಳ ನಡುವೆ ಉಸಿರಿಗೂ ಬಿಡುವು ಬೇಡ.

ಮೂರನೆಯದನ್ನು ಹೆಚ್ಚಿನವರು ಗಮನಿಸುವುದೇ ಇಲ್ಲ. ಟೈರೀಸಿಯಸ್ ಎಚ್ಚರಿಸಿ ಹೋದ ಮೇಲೆ ಕ್ರಿಯಾನ್ ಮನಸ್ಸು ಬದಲಿಸಿ, ಏನು ಮಾಡಲಿ ಎಂದು ಕೇಳುತ್ತಾನೆ. ಮೇಳದ ಹಿರಿಯ ಕ್ರಮವಾಗಿ ಹೇಳುತ್ತಾನೆ: ಮೊದಲು ಗುಹೆಯಿಂದ ಹುಡುಗಿಯನ್ನು ಬಿಡಿಸು, ಆಮೇಲೆ ಹೆಣಕ್ಕೆ ಸಮಾಧಿ ಮಾಡು. ಕ್ರಿಯಾನ್ ಒಪ್ಪಿ ಹೊರಡುತ್ತಾನೆ. ದೂತ ಬಂದು ಹೇಳುವಾಗ ಕ್ರಮ ತಿರುಗಿದೆ: ಮೊದಲು ಹೆಣ ತೊಳೆದು, ಹಸಿ ಟೊಂಗೆಗಳ ಮೇಲೆ ಸುಟ್ಟು, ದಿಬ್ಬ ಏರಿಸಿ, ಆಮೇಲೆ ಗುಹೆಗೆ ಹೋದರು. ಅಷ್ಟರಲ್ಲಿ ಆಂಟಿಗೊನೆ ನೇಣು ಹಾಕಿಕೊಂಡಿದ್ದಳು. ಸಾವಿಗೂ ಬದುಕಿಗೂ ನಡುವೆ ಆಗಲೂ ಅವನು ಸತ್ತವನ ಕೆಲಸವನ್ನೇ ಮೊದಲು ಹಿಡಿದ. ಹಿರಿಯನ ಆ ಸಾಲನ್ನು ಮೇಳ ಎರಡು ಸಲ ಹಾಡಲಿ, ದೂತನ ವರದಿಯಲ್ಲಿ ‘ಮೊದಲು’ ಎಂಬ ಮಾತಿಗೆ ತೂಕ ಬರಲಿ.

ಕತ್ತರಿಸಲೇಬೇಕಾದರೆ ಮೇಳದ ಹಾಡುಗಳನ್ನು ಅರ್ಧಕ್ಕಿಳಿಸಿರಿ. ಗಂಡ, ಮಗು ಸತ್ತಿದ್ದರೆ ಇಷ್ಟು ಮಾಡುತ್ತಿರಲಿಲ್ಲ, ಅಪ್ಪ-ಅವ್ವ ಇಲ್ಲದ ಮೇಲೆ ಅಣ್ಣ ಮತ್ತೆ ಹುಟ್ಟಲಾರ ಎಂಬ ಆಂಟಿಗೊನೆಯ ಮಾತನ್ನು ತೆಗೆಯಬೇಡಿ. ಅದು ಪ್ರಕ್ಷಿಪ್ತವಾಗಿರಲಿ (ಆಮೇಲೆ ಯಾರೋ ಸೇರಿಸಿದ್ದಾಗಿರಲಿ) ಎಂದು ಜರ್ಮನ್ ಕವಿ ಗಯಟೆ ಬಯಸಿದ್ದ, ಆದರೆ ಅರಿಸ್ಟಾಟಲನೇ ಅದನ್ನು ಉದ್ಧರಿಸಿದ್ದಾನೆ. ಸಾವಿನ ಅಂಚಿನಲ್ಲಿ ತನಗೆ ತಾನೇ ಕಾರಣ ಹುಡುಕುವ ಹುಡುಗಿಯ ದನಿ ಅಲ್ಲಿದೆ.

ಯಾವ ಸಾವನ್ನೂ ರಂಗದ ಮೇಲೆ ತೋರಿಸಬೇಡಿ. ಬಯಲಿಗೆ ಹೋಗುವ ಪಕ್ಕ ಒಂದು, ನಡುವೆ ಅರಮನೆ ಬಾಗಿಲು. ಇದನ್ನು ಕೊನೆತನಕ ಬದಲಿಸಬೇಡಿ. ಆಂಟಿಗೊನೆ ಹೋದ ಪಕ್ಕದಿಂದಲೇ ಕ್ರಿಯಾನ್ ಮಗನ ಹೆಣದೊಂದಿಗೆ ಮರಳಿ ಬರುತ್ತಾನೆ. ರಾಣಿ ಒಂದು ಮಾತೂ ಆಡದೆ ಒಳಗೆ ಹೋದವಳು. ಬಾಗಿಲು ತೆರೆದಾಗ ಅವಳೂ ಹೆಣ. ಕ್ರಿಯಾನ್ ಸಾಯುವುದಿಲ್ಲ, ಸಾವು ಬೇಡಿದರೂ ಸಿಗುವುದಿಲ್ಲ. ಆಳುಗಳು ರಟ್ಟೆ ಹಿಡಿದು ಅವನನ್ನು ಒಳಗೆ ನಡೆಸಿಕೊಂಡು ಹೋಗಲಿ, ಪರದೆ ಬೀಳಿಸುವ ಅವಸರ ಬೇಡ.